ಕಾರವಾರದಿಂದ ಘಟ್ಟ ಹತ್ತಿ ಒಳಗೆ ಹೋದರೆ ಏನು ನೋಡಬೇಕು? ಬೀಚ್ ಬಿಟ್ಟು ಹೇಳಿ

ಪೇಢೆಪ್ರಿಯ:

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಕಾರವಾರಕ್ಕೆ ವರ್ಗವಾಗಿ ಬಂದಿದ್ದೇನೆ, ಮೂಲ ಊರು ಧಾರವಾಡದ ಹತ್ತಿರದ ಒಂದು ಹಳ್ಳಿ. ಬಂದಾಗಿನಿಂದ ಸಂಜೆಯಾದರೆ ಬೀಚಿಗೆ ಹೋಗಿ ಕೂತು ಕೂತು ಸಾಕಾಗಿದೆ. ಆಫೀಸಿನಲ್ಲಿ ಯಾರನ್ನು ಕೇಳಿದರೂ ಗೋಕರ್ಣ, ಮುರ್ಡೇಶ್ವರ, ಅದು ಬಿಟ್ಟರೆ ಗೋವಾ. ಅದೆಲ್ಲ ನೋಡಿ ಆಗಿದೆ. ಜನವರಿಯಲ್ಲಿ ಅಪ್ಪ ಅವ್ವ ಬರುತ್ತಾರೆ, ನಾಲ್ಕೈದು ದಿನ ಸಾಲು ರಜೆ ಹಾಕುವ ಯೋಚನೆ ಇದೆ.

ನನಗೆ ಬೇಕಿರುವುದು ಒಳಗಿನ ಜಾಗಗಳು. ಜೋಯ್ಡಾ, ಯಲ್ಲಾಪುರ, ಶಿರಸಿ, ಸಿದ್ದಾಪುರ ಕಡೆ. ಕಾಡು, ಜಲಪಾತ ಇರಲಿ, ಆದರೆ ಅಪ್ಪನಿಗೆ ಹಳೆ ಗುಡಿ, ಕೋಟೆ, ಶಾಸನ ಅಂದರೆ ಊಟ ಬೇಡ. ಅವ್ವನಿಗೆ ಮೊಣಕಾಲು ನೋವು, ಮೆಟ್ಟಿಲು ಜಾಸ್ತಿ ಇದ್ದರೆ ಆಗುವುದಿಲ್ಲ. ನೆಟ್‌ನಲ್ಲಿ ಹುಡುಕಿದರೆ ಒಂದೇ ದಿನದಲ್ಲಿ ಯಾಣ, ಸಹಸ್ರಲಿಂಗ, ಬನವಾಸಿ, ಉಂಚಳ್ಳಿ, ಮಾಗೋಡು ಎಲ್ಲ ಮುಗಿಸುವ ಪಟ್ಟಿ ಸಿಗುತ್ತದೆ, ನಕ್ಷೆಯಲ್ಲೂ ಎಲ್ಲ ಹತ್ತಿರವೇ ಕಾಣುತ್ತವೆ. ನಿಜವಾಗಿಯೂ ಆಗುತ್ತಾ? ಸ್ವಂತ ಕಾರಿದೆ, ಘಟ್ಟದಲ್ಲಿ ಓಡಿಸಿ ಅಷ್ಟು ರೂಢಿ ಇಲ್ಲ.

ಕಡಲತಡಿ:

ಆಗುತ್ತದೆ. ನೀವು ಓಡಿಸುತ್ತಿರುತ್ತೀರಿ, ಅವ್ವ ಹಿಂದಿನ ಸೀಟಲ್ಲಿ ನಿದ್ದೆ ಮಾಡುತ್ತಿರುತ್ತಾರೆ, ಅಪ್ಪ ಪ್ರತಿ ಜಾಗದಲ್ಲೂ "ಇಷ್ಟು ಬೇಗ ಯಾಕೆ ಹೊರಟೆ" ಅನ್ನುತ್ತಿರುತ್ತಾರೆ. ಆ ಪಟ್ಟಿ ಬರೆದವರು ಈ ಕಡೆ ಗಾಡಿ ಓಡಿಸಿದ್ದು ಅನುಮಾನ. ಬಯಲುಸೀಮೆಯ ನಲವತ್ತು ಕಿಲೋಮೀಟರ್ ಬೇರೆ, ನಮ್ಮ ಕಡೆಯ ನಲವತ್ತು ಬೇರೆ. ಮಾಗೋಡು ಇರುವುದು ಯಲ್ಲಾಪುರದ ಕಡೆ, ಉಂಚಳ್ಳಿ ಇರುವುದು ಸಿದ್ದಾಪುರದ ಕಡೆ, ಬನವಾಸಿ ಬಯಲಿಗೆ ಹತ್ತಿರ. ಮೂರೂ ಮೂರು ದಿಕ್ಕು.

ಶಿರಸಿಯವರು ಯಾರಾದರೂ ಬಂದು ಸರಿಯಾಗಿ ಹೇಳಲಿ, ಘಟ್ಟದ ಮೇಲಿನದು ನನಗೆ ಅರ್ಧಂಬರ್ಧ ಗೊತ್ತು.

ಸಂಕದಾಚೆ:

ಶಿರಸಿಯವ ಬಂದೆ. ಸ್ವಲ್ಪ ಉದ್ದ ಆಗುತ್ತದೆ, ಪುರಸೊತ್ತಾದಾಗ ಓದಿ.

ಊರಿನ ಹೆಸರು ಹಿಡಿದು ಪ್ಲಾನ್ ಮಾಡಬೇಡಿ, ಹೊಳೆ ಹಿಡಿದು ಮಾಡಿ. ನಮ್ಮ ಜಿಲ್ಲೆಯಲ್ಲಿ ಕಾಳಿ, ಬೇಡ್ತಿ, ಅಘನಾಶಿನಿ, ಶರಾವತಿ, ನಾಲ್ಕೂ ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತವೆ. ನಡುವೆ ಬೆಟ್ಟದ ಸಾಲು. ಒಂದು ಹೊಳೆಯ ಕಣಿವೆಯಿಂದ ಇನ್ನೊಂದಕ್ಕೆ ದಾಟಲು ಹೋದಾಗಲೇ ಗಂಟೆಗಟ್ಟಲೆ ಸುತ್ತಬೇಕಾಗುವುದು. ಒಂದೇ ಹೊಳೆ ಹಿಡಿದರೆ ಮೇಲಿಂದ ಕೆಳಗಿನವರೆಗೆ ಕಾಡು, ಜಲಪಾತ, ಗುಡಿ, ಕೋಟೆ, ಅಳಿವೆ ಎಲ್ಲ ಸಾಲಾಗಿ ಸಿಗುತ್ತವೆ.

ಅಪ್ಪ ಅವ್ವನ ಜೊತೆ ಅಂದರೆ ನನ್ನ ಓಟು ಅಘನಾಶಿನಿಗೆ. ಈ ನಾಲ್ಕರಲ್ಲಿ ಕಾಳಿಗೆ ಸುಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟು, ಶರಾವತಿಗೆ ಲಿಂಗನಮಕ್ಕಿ ಮತ್ತು ಗೇರುಸೊಪ್ಪ. ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಹುಟ್ಟಿದ ಹಾಗೇ ಹರಿದು ಸಮುದ್ರ ಸೇರುವ ಹೊಳೆ ಈಗ ಎಷ್ಟು ಉಳಿದಿವೆ ಹೇಳಿ. ಅದರ ಒಂದು ಮೂಲ ಶಿರಸಿ ಪೇಟೆಯೊಳಗಿನ ಶಂಕರಹೊಂಡ, ಇನ್ನೊಂದು ಮಂಜುಗುಣಿ. ಮಂಜುಗುಣಿಯಲ್ಲಿ ವೆಂಕಟರಮಣನ ಹಳೆಯ ದೇವಸ್ಥಾನ ಇದೆ, ಗಾಡಿ ಹತ್ತಿರದವರೆಗೆ ಹೋಗುತ್ತದೆ, ಅವ್ವನಿಗೆ ತೊಂದರೆ ಇಲ್ಲ.

ಶಿರಸಿಯಲ್ಲಿ ಉಳಿದುಕೊಳ್ಳಿ. ಒಂದು ದಿನ ಪೂರ್ತಿ ಬನವಾಸಿಗೆ ಇಡಿ. ಶಿರಸಿಯಿಂದ ಇಪ್ಪತ್ತಮೂರು ಕಿಲೋಮೀಟರ್ ಅಷ್ಟೇ, ರಸ್ತೆ ಹೆಚ್ಚುಕಡಿಮೆ ಸಮತಟ್ಟು. ಅದು ವರದಾ ಹೊಳೆ, ಸಮುದ್ರಕ್ಕಲ್ಲ, ತುಂಗಭದ್ರೆಯ ಕಡೆ ಹೋಗುವುದು, ಹಾಗಾಗಿ ನನ್ನ ಲೆಕ್ಕಕ್ಕೆ ಸೇರುವುದಿಲ್ಲ, ಆದರೂ ನಿಮ್ಮ ಅಪ್ಪನನ್ನು ಶಿರಸಿಗೆ ಕರೆದುಕೊಂಡು ಬಂದು ಬನವಾಸಿ ತೋರಿಸದೆ ಕಳಿಸಿದರೆ ಅವರು ಬಿಡುತ್ತಾರಾ? 4ನೇ ಶತಮಾನದಲ್ಲಿ ಕದಂಬ ಮಯೂರಶರ್ಮ ರಾಜಧಾನಿ ಮಾಡಿಕೊಂಡ ಊರು. ಮೂರು ಕಡೆ ಹೊಳೆ. ಮಧುಕೇಶ್ವರ ದೇವಸ್ಥಾನದಲ್ಲಿ ಕದಂಬರಿಂದ ಶಿರಸಿ ಹತ್ತಿರದ ಸೋಂದೆಯವರವರೆಗೆ ಬಂದ ಬಂದ ಅರಸರೆಲ್ಲ ಒಂದೊಂದು ಸೇರಿಸುತ್ತಾ ಹೋಗಿದ್ದಾರೆ. ಸೋಂದೆ ಅರಸರು ಕೊಟ್ಟ ಕಲ್ಲಿನ ಮಂಚ ಇದೆ, ಕೆತ್ತನೆ ನೋಡಿ ಮರದ್ದೇ ಅನ್ನಿಸುತ್ತದೆ. ಆವರಣದಲ್ಲಿ ಐದು ಹೆಡೆಯ ನಾಗರಕಲ್ಲು ಇದೆ, ಅದನ್ನು ಮಾತ್ರ ತಪ್ಪಿಸಬೇಡಿ. ಅದರ ಮೇಲಿನ ಪ್ರಾಕೃತ ಶಾಸನ ಕದಂಬರಿಗಿಂತ ಹಳೆಯದು, ಶಾತಕರ್ಣಿ ರಾಜನ ಮಗಳು ನಾಗ, ಕೆರೆ, ವಿಹಾರ ಮಾಡಿಸಿದ್ದನ್ನು ಹೇಳುತ್ತದೆ. ಕೆತ್ತಿದವನ ಹೆಸರೂ ಇದೆ, ದಾಮೋರಕನ ಶಿಷ್ಯ ನಟಕ ಅಂತ. ಅರಸರ ಹೆಸರು ಎಲ್ಲ ಕಲ್ಲಿನಲ್ಲೂ ಸಿಗುತ್ತದೆ, ಉಳಿ ಹಿಡಿದವನ ಹೆಸರು, ಅವನ ಗುರುವಿನ ಹೆಸರು, ಅದೂ ಇಷ್ಟು ಹಿಂದಿನದು ಸಿಗುವುದು ಅಪರೂಪ.

ಅಲ್ಲೇ ಹತ್ತಿರ ಗುಡ್ನಾಪುರ. ದೊಡ್ಡ ಕೆರೆ, ದಂಡೆಯಲ್ಲಿ ದೇವಸ್ಥಾನ, ಕದಂಬ ರವಿವರ್ಮನ ಕಂಬದ ಶಾಸನ ಸಿಕ್ಕ ಜಾಗ. ಬಸ್ಸಿನವರು ಯಾರೂ ನಿಲ್ಲಿಸುವುದಿಲ್ಲ, ನೀವು ನಿಲ್ಲಿಸಿ.

ಇನ್ನೊಂದು ದಿನ ಸೋಂದೆ ಮತ್ತು ಸಹಸ್ರಲಿಂಗ. ಇದಕ್ಕೆ ಜನವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಶಾಲ್ಮಲಾ ತುಂಬಿ ಹರಿಯುತ್ತದೆ, ಲಿಂಗಗಳೆಲ್ಲ ನೀರಿನಡಿ, ದೂರದಿಂದ ಬಂದವರು ಕೆಂಪು ನೀರು ನೋಡಿ ವಾಪಸ್ ಹೋಗುತ್ತಾರೆ. ನವೆಂಬರ್ ಕಳೆದ ಮೇಲೆ ನೀರಿಳಿದು ಬಂಡೆಗಳ ಮೇಲಿನ ಲಿಂಗ, ಬಸವ ಎಲ್ಲ ಮೇಲೆ ಕಾಣುತ್ತವೆ. ಒಂದೊಂದು ಲಿಂಗಕ್ಕೂ ಎದುರಿಗೆ ಪುಟ್ಟ ಬಸವ. ಸೋಂದೆಯ ಅರಸ ಸದಾಶಿವರಾಯ ಕೆತ್ತಿಸಿದ್ದು, ಅವನ ಕಾಲ 1678ರಿಂದ 1718. ಹೊಳೆಗೆ ಇಳಿಯಲು ಮೆಟ್ಟಿಲಿವೆ. ಅವ್ವ ಪೂರ್ತಿ ಕೆಳಗೆ ಇಳಿಯದಿದ್ದರೂ ಮೇಲಿನಿಂದ ಸ್ವಲ್ಪ ಕಾಣುತ್ತದೆ. ಬಂಡೆಗಳ ಮೇಲೆ ಪಾಚಿ ಇರುತ್ತದೆ, ಚಪ್ಪಲಿ ಬಿಟ್ಟು ನಡೆಯಿರಿ. ಶಿವರಾತ್ರಿ ದಿನ ಮಾತ್ರ ಬರಬೇಡಿ, ಕಾಲಿಡಲು ಜಾಗ ಇರುವುದಿಲ್ಲ.

ಮಲೆನಾಡಮಳೆ:

ಯಾಣ ಬಿಟ್ಟೇ ಬಿಟ್ಟಿರಲ್ಲ ಮಾರಾಯ್ರೇ.

ಸಂಕದಾಚೆ:

ಬೇಕೆಂದೇ ಬಿಟ್ಟೆ. ಭಾನುವಾರ ಯಾಣಕ್ಕೆ ಹೋಗಿ ನೋಡಿ, ಸ್ಪೀಕರ್ ಹಿಡಿದುಕೊಂಡು ಬರುವವರು, ಸೆಲ್ಫಿ ಕ್ಯೂ, ಚಿಪ್ಸ್ ಪ್ಯಾಕೆಟ್. ರಸ್ತೆ ಇಲ್ಲದ ಕಾಲದಲ್ಲಿ ಇದ್ದ ಯಾಣ ಅದಲ್ಲ.

ಮಲೆನಾಡಮಳೆ:

ರಸ್ತೆ ಆದದ್ದಕ್ಕೇ ನಮ್ಮ ಅಜ್ಜಿ ಒಮ್ಮೆ ನೋಡಿದ್ದು. ಮೊದಲು "ರೊಕ್ಕ ಇದ್ದವ ಗೋಕರ್ಣಕ್ಕೆ, ಸೊಕ್ಕು ಇದ್ದವ ಯಾಣಕ್ಕೆ" ಅನ್ನುತ್ತಿದ್ದರು, ಈಗ ಸೊಕ್ಕಿಲ್ಲದವರೂ ಹೋಗಬಹುದು, ಅದರಲ್ಲಿ ತಪ್ಪೇನು?

ಪ್ರಶ್ನೆ ಕೇಳಿದವರಿಗೆ: ವಾರದ ನಡುವೆ ಬೆಳಿಗ್ಗೆ ಬೇಗ ಹೋಗಿ. ಜನ ಇರುವುದಿಲ್ಲ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಫೋಟೋದಲ್ಲಿ ಆ ಎತ್ತರ ಸಿಗುವುದೇ ಇಲ್ಲ, ಯಾಕೆಂದರೆ ಸುತ್ತಲೂ ಮರ, ಹತ್ತಿರ ಹೋಗುವವರೆಗೆ ಕಾಣುವುದಿಲ್ಲ, ಕಂಡಾಗ ಕತ್ತು ಪೂರ್ತಿ ಹಿಂದಕ್ಕೆ ಬಾಗಬೇಕು. ಸುಣ್ಣದ ಕಲ್ಲು, ನೀರು ಕೊರೆದು ಕೊರೆದು ಹಾಗೆ ಚೂಪಾಗಿದೆ. ಬಣ್ಣ ಮಾತ್ರ ಕರ್ರಗೆ. ಭಸ್ಮಾಸುರ ಸುಟ್ಟು ಬೂದಿಯಾದದ್ದು ಇಲ್ಲೇ, ಅದಕ್ಕೇ ಕಲ್ಲು ಕಪ್ಪು, ಮಣ್ಣೂ ಕಪ್ಪು ಅಂತ ಕಥೆ. ಕೆಳಗೆ ಗುಡಿ, ಬಂಡೆಯ ಸೀಳಿನಿಂದ ನೀರು ಲಿಂಗದ ಮೇಲೆ ತೊಟ್ಟಿಕ್ಕುತ್ತಿರುತ್ತದೆ. ಬಂಡೆಯ ಬಿರುಕಿನೊಳಗೇ ಬರಿಗಾಲಲ್ಲಿ ಒಂದು ಸುತ್ತು ಬರಬಹುದು.

ಗಾಡಿ ನಿಲ್ಲಿಸಿದ ಮೇಲೆ ಕಾಡಿನ ದಾರಿಯಲ್ಲಿ ನಡಿಗೆ, ಕೊನೆಗೆ ಮೆಟ್ಟಿಲು. ಮೊಣಕಾಲು ನೋವಿದ್ದವರು ಮೆಟ್ಟಿಲ ಬುಡದವರೆಗೆ ಬಂದರೂ ಬಂಡೆ ಕಾಣುತ್ತದೆ, ಬಂದದ್ದು ದಂಡವಾಗುವುದಿಲ್ಲ.

ಸಂಕದಾಚೆ:

ವಾರದ ನಡುವೆ ಅಂದರೆ ಒಪ್ಪಿದೆ.

ಪೇಢೆಪ್ರಿಯ:

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಹೊಳೆ ಹಿಡಿದು ಹೋಗುವುದು ನನಗೆ ಹಿಡಿಸಿತು. ಎರಡು ಸಂಶಯ. ಅಪ್ಪ ಫೋನಿನಲ್ಲಿ ಉಳವಿ ಉಳವಿ ಅನ್ನುತ್ತಿದ್ದಾರೆ, ನಮ್ಮ ಮುತ್ಯಾ ಚಕ್ಕಡಿ ಕಟ್ಟಿಕೊಂಡು ಜಾತ್ರೆಗೆ ಹೋಗುತ್ತಿದ್ದರಂತೆ. ಇದೇ ಪ್ರವಾಸದಲ್ಲಿ ಸೇರಿಸಬಹುದಾ? ಎರಡನೆಯದು, ಜನವರಿಯಲ್ಲಿ ಜಲಪಾತಗಳಲ್ಲಿ ನೀರಿರುತ್ತದಾ?

ಸೂಪಾದವ:

ಉಳವಿ ನನಗೆ ಬಿಡಿ. ನಾನು ಜೋಯ್ಡಾದವ.

ಶಿರಸಿ ಪ್ರವಾಸಕ್ಕೆ ಉಳವಿ ಸೇರಿಸಬೇಡಿ, ಅದು ಕಾಳಿ ಹೊಳೆಯ ಕಡೆ, ಪೂರ್ತಿ ಬೇರೆ ದಿಕ್ಕು. ಕಾರವಾರದಲ್ಲೇ ಇದ್ದೀರಲ್ಲ, ಇನ್ನೊಂದು ವಾರಾಂತ್ಯ ಇಟ್ಟುಕೊಳ್ಳಿ. ಕಾರವಾರದಿಂದ ಕದ್ರಾ, ಅಲ್ಲಿಂದ ಅಣಶಿ ಘಟ್ಟ, ಆಮೇಲೆ ಜೋಯ್ಡಾ ಕಡೆ. ಈ ರಸ್ತೆಯೇ ಒಂದು ನೋಟ. ಎರಡೂ ಬದಿ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಮೊದಲು ಅಣಶಿ ದಾಂಡೇಲಿ ಅನ್ನುತ್ತಿದ್ದರು, 2015ರಲ್ಲಿ ಕಾಳಿ ಅಂತ ಹೆಸರಿಟ್ಟರು. ಕರಿ ಚಿರತೆ ಇಲ್ಲಿನ ವಿಶೇಷ. ನಿಮಗೆ ಕಾಣುತ್ತದೆ ಅಂತ ಹೇಳುವುದಿಲ್ಲ, ಇಲ್ಲೇ ಹುಟ್ಟಿ ಬೆಳೆದವರಿಗೂ ಕಂಡಿಲ್ಲ. ಮಂಗಟ್ಟೆ ಹಕ್ಕಿ ಮಾತ್ರ ಕಾಣಬಹುದು. ಕಾಣುವ ಮೊದಲು ರೆಕ್ಕೆಯ ಸದ್ದೇ ಕೇಳುತ್ತದೆ, ತಲೆ ಎತ್ತಿ.

ಕತ್ತಲಾಗುವ ಮೊದಲು ಘಟ್ಟ ದಾಟಿಬಿಡಿ, ಕಾಡಿನಲ್ಲಿ ಗಾಡಿ ನಿಲ್ಲಿಸಿ ಇಳಿಯಬೇಡಿ. ಪೆಟ್ರೋಲ್ ಕಾರವಾರದಲ್ಲೇ ತುಂಬಿಸಿ. ಮೊಬೈಲ್ ಸಿಗ್ನಲ್ ನಂಬಬೇಡಿ, ನಕ್ಷೆ ಮೊದಲೇ ಇಳಿಸಿಕೊಳ್ಳಿ.

ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಗಲಾಟೆಯಾದ ಮೇಲೆ ಶರಣರು ವಚನದ ಕಟ್ಟು ಹೊತ್ತುಕೊಂಡು ಈ ಕಾಡಿಗೆ ಬಂದರು ಅನ್ನುತ್ತಾರೆ. ಆ ಕಾಲಕ್ಕೆ ಇಲ್ಲಿ ಬಂದು ಅಡಗಿದರೆ ಯಾವ ಸೈನ್ಯ ಹುಡುಕೀತು, ಈಗಲೂ ಹಾಗೇ ಇದೆ ಊರು. ಸುತ್ತ ಗವಿಗಳಿವೆ, ಆಕಳ ಗವಿ, ಮಹಾಮನೆ ಗವಿ, ಅವಕ್ಕೆ ನಡೆಯಬೇಕು, ಅವ್ವನಿಗೆ ಕಷ್ಟ. ದೇವಸ್ಥಾನಕ್ಕೆ ಗಾಡಿ ಬಾಗಿಲವರೆಗೆ ಹೋಗುತ್ತದೆ. ಜಾತ್ರೆ ಮಾಘ ಮಾಸದಲ್ಲಿ, ಭಾರತ ಹುಣ್ಣಿಮೆಯ ಆಸುಪಾಸು. ಧಾರವಾಡ, ಬೆಳಗಾವಿ ಕಡೆಯಿಂದ ಈಗಲೂ ಚಕ್ಕಡಿ ಬರುತ್ತವೆ, ಎತ್ತಿಗೆ ಝೂಲ ಹಾಕಿ, ಗೆಜ್ಜೆ ಕಟ್ಟಿ. ನಿಮ್ಮ ಅಪ್ಪನಿಗೆ ಅದನ್ನು ತೋರಿಸಬೇಕು ಅಂದರೆ ಪಂಚಾಂಗ ನೋಡಿ ರಜೆ ಹಾಕಿ.

ಸಿಂಥೇರಿ ರಾಕ್ಸ್ ಕೂಡ ಇದೇ ತಾಲೂಕು. ಕಾನೇರಿ ಹೊಳೆ ಕೊರೆದ ದೊಡ್ಡ ಬಂಡೆಗೋಡೆ, ಎತ್ತರದಲ್ಲಿ ಹೆಜ್ಜೇನು ಗೂಡುಗಳು ಸಾಲಾಗಿ ನೇತಾಡುತ್ತಿರುತ್ತವೆ. ಕೂಗಬೇಡಿ, ಸೆಂಟ್ ಹಾಕಿಕೊಂಡು ಹೋಗಬೇಡಿ, ಹೊಗೆ ಅಂತೂ ಬೇಡವೇ ಬೇಡ. ಮೆಟ್ಟಿಲು ಬಹಳ ಇವೆ. ಕವಳಾ ಗುಹೆಗೂ ಬಹಳ ಮೆಟ್ಟಿಲು, ಅದು ಹುಲಿ ಕಾಡಿನೊಳಗೆ, ಅರಣ್ಯ ಇಲಾಖೆಯವರನ್ನು ಕೇಳದೆ ಹೊರಡಲೇಬೇಡಿ. ಮೇಲಿಂದ ತೊಟ್ಟಿಕ್ಕಿದ ಸುಣ್ಣದ ನೀರೇ ಗಟ್ಟಿಯಾಗಿ ಲಿಂಗವಾಗಿ ನಿಂತಿದೆ ಅಲ್ಲಿ.

ಸುಪಾ ಅಣೆಕಟ್ಟು 101 ಮೀಟರ್ ಎತ್ತರ. ಅದನ್ನು ನೋಡುವವರು ಅಣೆಕಟ್ಟು ನೋಡಿ ಹೋಗುತ್ತಾರೆ. ಹಿಂದಿನ ನೀರಿನಡಿ ಸೂಪಾ ಅನ್ನುವ ಊರಿದೆ, ಕಾಳಿ ಮತ್ತು ಪಾಂಡರಿ ಕೂಡುವ ಜಾಗದಲ್ಲಿತ್ತು. ತಾಲೂಕಿನ ಹೆಸರೇ ಸೂಪಾ ಇತ್ತು, ಕಚೇರಿ, ಪೇಟೆ ಎಲ್ಲ ಅಲ್ಲಿತ್ತು. ಮುಳುಗಿದ ಮೇಲೆ ಜೋಯ್ಡಾ ತಾಲೂಕು ಕೇಂದ್ರವಾಯಿತು. ನನ್ನ ಹೆಸರು ಯಾಕೆ ಹಾಗಿದೆ ಅಂತ ಈಗ ತಿಳಿಯಿತಲ್ಲ.

ಕಾನುಕಣಿವೆ:

ಸಿದ್ದಾಪುರದವಳು. ಜಲಪಾತದ ನೀರಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ.

ಇದೇ ನಮ್ಮ ಕಡೆಯ ಪೇಚು. ಜಲಪಾತ ಚೆಂದ ಕಾಣುವುದು ಸೆಪ್ಟೆಂಬರಿಂದ ಡಿಸೆಂಬರ್. ಜುಲೈನಲ್ಲಿ ಬಂದರೆ ಬರೀ ಮಂಜು, ಸದ್ದು ಮಾತ್ರ. ಸಹಸ್ರಲಿಂಗ ಕಾಣುವುದು ಚಳಿಗಾಲದಿಂದ ಬೇಸಿಗೆ. ಎರಡೂ ಒಟ್ಟಿಗೆ ಬೇಕು ಅಂದರೆ ಡಿಸೆಂಬರ್, ತಡವೆಂದರೆ ಜನವರಿ ಮೊದಲ ಭಾಗ. ಮಾಗೋಡಿನಲ್ಲಿ ಬೇಡ್ತಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಬೀಳುತ್ತದೆ, ಆದರೆ ನೋಡುವುದು ಎದುರಿನ ಗುಡ್ಡದಿಂದ, ಜನವರಿಯಲ್ಲಿ ಸಣ್ಣ ಬಿಳಿ ಗೆರೆ. ಅವ್ವನಿಗೆ ನಡಿಗೆ ಕಡಿಮೆ ಅನ್ನುವುದೊಂದು ಲಾಭ. ಹತ್ತಿರವೇ ಜೇನುಕಲ್ಲು ಗುಡ್ಡ, ಅಲ್ಲಿ ಸಂಜೆ ನಿಂತರೆ ಕೆಳಗಿನ ಕಣಿವೆಯಲ್ಲಿ ಬೇಡ್ತಿ ತಿರುಗುತ್ತಾ ಹೋಗುವುದು ಕಾಣುತ್ತದೆ.

ಉಂಚಳ್ಳಿಯಲ್ಲಿ ಜನವರಿಯಲ್ಲೂ ನೀರು ಚೆನ್ನಾಗೇ ಇರುತ್ತದೆ. 116 ಮೀಟರ್. ನಮ್ಮವರು ಕೆಪ್ಪಜೋಗ ಅನ್ನುತ್ತಾರೆ, ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ. ಬ್ರಿಟಿಷ್ ಕಾಲದ ಕಲೆಕ್ಟರ್ ಲಷಿಂಗ್ಟನ್ 1845ರಲ್ಲಿ ಕಂಡುಹಿಡಿದ ಅಂತ ಬೋರ್ಡುಗಳಲ್ಲಿ, ನೆಟ್‌ನಲ್ಲಿ ಎಲ್ಲಾ ಕಡೆ ಬರೆದಿರುತ್ತಾರೆ. ಕೆಳಗಿನ ಊರಿನವರು ಅಷ್ಟು ವರ್ಷ ಆ ಸದ್ದು ಏನೆಂದುಕೊಂಡಿದ್ದರೋ! ಗಾಡಿ ನಿಲ್ಲಿಸಿದಲ್ಲಿಂದ ನಡಿಗೆ, ಕೆಳಗೆ ಇಳಿದಷ್ಟೂ ನೋಟ ಚೆಂದ, ಆದರೆ ಇಳಿದ ಮೆಟ್ಟಿಲು ಹತ್ತಲೇಬೇಕು. ಅವ್ವನನ್ನು ಮೇಲಿನ ಕಟ್ಟೆಯಲ್ಲಿ ಕೂರಿಸಿ. ಸಿಂಗಳೀಕಗಳಿರುವ ಕಾಡಿದು, 2011ರಲ್ಲಿ ಅವುಗಳಿಗೆಂದೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಬಾಳೆಹಣ್ಣು, ಬಿಸ್ಕತ್ತು ಯಾವ ಮಂಗನಿಗೂ ಕೊಡಬೇಡಿ ದಯವಿಟ್ಟು.

ಮಂಗನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ, ಪ್ರವಾಸದ ಪಟ್ಟಿಗಳಲ್ಲಿ ಯಾರೂ ಬರೆಯುವುದಿಲ್ಲ. ಡಿಸೆಂಬರಿಂದ ಮೇ ತನಕ ನಮ್ಮ ಕಡೆ ಮಂಗನ ಕಾಯಿಲೆಯ ಕಾಲ. ಪಕ್ಕದ ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಮೊದಲು ಪತ್ತೆಯಾದದ್ದು. ಹರಡುವುದು ಉಣುಗಿನಿಂದ (ಉಣ್ಣೆ ಹುಳ). ಹಾಗಂತ ಹೆದರಿ ಬರದೇ ಇರಬೇಡಿ. ಪ್ರವಾಸಿಗರು ನಡೆಯುವ ದಾರಿ ಬಿಟ್ಟು ಒಣಗಿದ ಎಲೆ ತುಳಿದುಕೊಂಡು ಕಾನಿನೊಳಗೆ ನುಗ್ಗಬೇಡಿ, ನೆಲದ ಮೇಲೆ ಚಾದರ ಹಾಸಿ ಊಟಕ್ಕೆ ಕೂರಬೇಡಿ, ಪೂರ್ತಿ ಕೈಕಾಲು ಮುಚ್ಚುವ ಬಟ್ಟೆ ಹಾಕಿ, ವಾಪಸ್ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನವರಿಗೆ ಹೇಳಿ. ಆಮೇಲೆ ಜ್ವರ ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಹೇಳುವುದು ಮರೆಯಬೇಡಿ. ಮಳೆಗಾಲದಲ್ಲಿ ಬಂದರೆ ಉಣುಗಿನ ಬದಲು ಉಂಬಳ (ಜಿಗಣೆ), ಅದು ರಕ್ತ ಕುಡಿದು ತಾನೇ ಬಿಟ್ಟು ಹೋಗುತ್ತದೆ, ಪಾಪದ್ದು.

ನಿಮ್ಮ ಅಪ್ಪನಿಗೆ ನಮ್ಮ ಬಿಳಗಿಯನ್ನೂ ಸೇರಿಸಿ. ಬಿಳಗಿ ಅರಸರ ರತ್ನತ್ರಯ ಬಸದಿ ಇದೆ. ಸಿದ್ದಾಪುರಕ್ಕೆ ಹತ್ತಿರ, ಹೆಚ್ಚು ನಡೆಯಬೇಕಿಲ್ಲ, ನಾವು ಹೋದಾಗಲೆಲ್ಲ ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ.

ಮೆಣಸಿನಬಳ್ಳಿ:

ಬಿಳಗಿ ಹೆಸರು ಬಂತು, ಸುಮ್ನೆ ಓದುತ್ತಿದ್ದವ ಬರೆಯಲೇಬೇಕಾಯಿತು.

ನೀವೆಲ್ಲ ಹೇಳಿದ ಗುಡಿ, ಬಸದಿ, ಕೋಟೆ ಇಷ್ಟು ಒಳಗಿನ ಕಾಡಿನಲ್ಲಿ ಯಾಕಿವೆ ಅಂತ ಅವರ ಅಪ್ಪ ಕೇಳಿಯೇ ಕೇಳುತ್ತಾರೆ. ಕಾಳುಮೆಣಸು. ಘಟ್ಟದ ಮೇಲಿನ ತೋಟ, ಕಾನುಗಳಲ್ಲಿ ಬೆಳೆದ ಮೆಣಸು ಎತ್ತಿನ ಬೆನ್ನಿನ ಮೇಲೆ ಘಟ್ಟ ಇಳಿದು, ಹೊಳೆಯ ಬಾಯಿಯ ಬಂದರಿಗೆ ಬಂದು, ಹಡಗು ಹತ್ತುತ್ತಿತ್ತು. ಆ ದಾರಿ ಯಾರ ಕೈಯಲ್ಲಿದೆಯೋ ಅವರಿಗೆ ರೊಕ್ಕ. ಸೋಂದೆ, ಬಿಳಗಿ, ಗೇರುಸೊಪ್ಪ, ಕೆಳದಿ, ಎಲ್ಲರ ಜಗಳವೂ ಆ ದಾರಿಗೇ.

ಅದಕ್ಕೇ ಮಿರ್ಜಾನ್ ಕೋಟೆ ತಪ್ಪಿಸಬೇಡಿ. ಕುಮಟಾದಿಂದ ಉತ್ತರಕ್ಕೆ ಹೆದ್ದಾರಿಯ ಪಕ್ಕದಲ್ಲೇ, ಅಘನಾಶಿನಿಯ ಕೆಳಗಿನ ಬದಿ. ಕೆಂಪುಕಲ್ಲಿನ ಗೋಡೆ, ಸುತ್ತ ಕಂದಕ, ಒಳಗೆ ಬಾವಿಗಳು, ಸುರಂಗದಂಥ ದಾರಿ. ಗೇರುಸೊಪ್ಪದ ರಾಣಿ ಚೆನ್ನಭೈರಾದೇವಿಯ ಕೋಟೆ ಅಂತಲೇ ಪ್ರಸಿದ್ಧ. 1552ರಿಂದ 1606ರವರೆಗೆ, ಐವತ್ತು ವರ್ಷಕ್ಕೂ ಜಾಸ್ತಿ ಆಳಿದವಳು. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅನ್ನುತ್ತಿದ್ದರು. ಅವರ ಜೊತೆ ಹೊಡೆದಾಟವೂ ಇತ್ತು, ವ್ಯಾಪಾರವೂ ಇತ್ತು. ಕೊನೆಗೆ ಸೋಲಿಸಿದ್ದು ಹೊರಗಿನವರಲ್ಲ, ಕೆಳದಿ ಮತ್ತು ಬಿಳಗಿಯವರು ಕೈ ಜೋಡಿಸಿ. ಬಿಳಗಿ ಬಸದಿ ನೋಡಿ ಮಿರ್ಜಾನಿಗೆ ಇಳಿದರೆ ಕಥೆಯ ಎರಡೂ ಕಡೆ ನೋಡಿದ ಹಾಗಾಯಿತು. ಮಧ್ಯಾಹ್ನ ಮಾತ್ರ ಹೋಗಬೇಡಿ, ಒಳಗೆ ನೆರಳು ಕಡಿಮೆ, ಕಲ್ಲು ಕಾದಿರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಗೋಡೆಗಳೆಲ್ಲ ಹಸಿರು ಹೊದ್ದುಕೊಂಡಿರುತ್ತವೆ, ಫೋಟೋದವರೆಲ್ಲ ಬರುವುದು ಆಗಲೇ.

ಅವಳ ರಾಜಧಾನಿ ಇದ್ದ ಗೇರುಸೊಪ್ಪ ಶರಾವತಿ ಕಣಿವೆಯಲ್ಲಿ, ಹೊನ್ನಾವರದಿಂದ ಒಳಗೆ. ಕಾಡಿನ ನಡುವೆ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವ ಬಾಗಿಲಿನಿಂದ ಬಂದರೂ ಎದುರಿಗೆ ತೀರ್ಥಂಕರ. ಒಂದು ಕಾಲದಲ್ಲಿ ದೊಡ್ಡ ಪಟ್ಟಣವಾಗಿದ್ದ ಜಾಗ, ಈಗ ಸುತ್ತಲೂ ಮರದ ಬೇರು, ಮುರಿದ ಕಲ್ಲು. ದೋಣಿ, ರಸ್ತೆ ಯಾವುದು ಅನುಕೂಲ ಅಂತ ಗೇರುಸೊಪ್ಪ ಪೇಟೆಯಲ್ಲಿ ವಿಚಾರಿಸಿ ಹೊರಡಿ. ನನ್ನ ಲೆಕ್ಕದಲ್ಲಿ ಇಡೀ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಹಳೆ ಕಟ್ಟಡ ಇಲ್ಲ. ಬನವಾಸಿಯವರು ಬೈದರೆ ಬೈಯಲಿ.

ಇನ್ನೊಂದು, ಕಾರವಾರದಲ್ಲಿ ಕಾಳಿ ಸೇತುವೆ ಮೇಲೆ ಹೋಗುವಾಗ ಎದುರಿಗೆ ಕಾಣುವ ಗುಡ್ಡ ಇದೆಯಲ್ಲ, ಹೆದ್ದಾರಿಗೆಂದು ಸೀಳಿದ್ದು, ಸದಾಶಿವಗಡ. ಆ ಕೋಟೆ ಸೋಂದೆ ಅರಸರದೇ, ಹೆಸರೂ ಸಹಸ್ರಲಿಂಗ ಕೆತ್ತಿಸಿದ ಸದಾಶಿವರಾಯನದೇ. ಶಿರಸಿ ಹತ್ತಿರದ ಕಾಡಿನಲ್ಲಿ ಕೂತವರಿಗೆ ಕಾಳಿಯ ಬಾಯಿಯಲ್ಲಿ ಕೋಟೆ ಯಾಕೆ ಬೇಕಿತ್ತು ಅಂದರೆ ಮತ್ತದೇ ಮೆಣಸು. ಪ್ರವಾಸ ಅಲ್ಲಿಂದಲೇ ಶುರು ಮಾಡಿ ಬೇಕಿದ್ದರೆ.

ಕಡಲತಡಿ:

ಸದಾಶಿವಗಡದ ಬುಡದಲ್ಲೇ ನಮ್ಮ ಮನೆ, ಸಹಸ್ರಲಿಂಗಕ್ಕೂ ಹೋಗಿದ್ದೇನೆ, ಎರಡೂ ಒಬ್ಬನ ಹೆಸರಿನವು ಅಂತ ಇವತ್ತೇ ತಿಳಿದದ್ದು. ಶಾಲೆಯಲ್ಲಿ ಟ್ಯಾಗೋರರ ಅಣ್ಣ ಇಲ್ಲಿ ಜಡ್ಜ್ ಆಗಿದ್ದರು ಅಂತ ಮಾತ್ರ ಹೇಳಿಕೊಟ್ಟರು.

ಪೇಢೆಪ್ರಿಯ:

ಅಪ್ಪನಿಗೆ ಈ ಚರ್ಚೆಯೆಲ್ಲ ಓದಿ ಹೇಳಿದೆ. ಮೆಣಸಿನ ಕಥೆ ಕೇಳಿ ಖುಷಿಯಾದರು, ಕೂಡಲೇ ಒಂದು ಪ್ರಶ್ನೆ ಎಸೆದರು: ಸೋಂದೆ ಅರಸರು ಆಮೇಲೆ ಏನಾದರು?

ನಮ್ಮ ಪ್ಲಾನ್ ಹೀಗಿದೆ. ಕಾರವಾರದಿಂದ ಕುಮಟಾ, ದಾರಿಯಲ್ಲಿ ಬೆಳಿಗ್ಗೆಯೇ ಮಿರ್ಜಾನ್, ಆಮೇಲೆ ದೇವಿಮನೆ ಘಟ್ಟ ಹತ್ತಿ ಶಿರಸಿ. ಬನವಾಸಿಗೆ ಒಂದು ದಿನ, ಸೋಂದೆ ಮತ್ತು ಸಹಸ್ರಲಿಂಗಕ್ಕೆ ಒಂದು ದಿನ, ಸಿದ್ದಾಪುರ ಕಡೆ ಬಿಳಗಿ, ಉಂಚಳ್ಳಿ. ಯಾಣಕ್ಕೆ ಬುಧವಾರ ಬೆಳಿಗ್ಗೆ. ಉಳವಿಗೆ ಜಾತ್ರೆಯ ಹೊತ್ತಿಗೆ ಬೇರೆಯಾಗಿ ಹೋಗುತ್ತೇವೆ, ಅಪ್ಪ ಅದಕ್ಕೆ ಮತ್ತೊಮ್ಮೆ ಬರುತ್ತಾರಂತೆ. ಮಾಗೋಡು, ಗೇರುಸೊಪ್ಪ ಈ ಸಲ ಬಿಟ್ಟೆ.

ಸಂಕದಾಚೆ:

ಒಳ್ಳೆಯ ಪ್ಲಾನ್. ಅಪ್ಪನಿಗೆ ಹೇಳಿ, 1760ರ ದಶಕದಲ್ಲಿ ಹೈದರಾಲಿ ಸೋಂದೆ ತೆಗೆದುಕೊಂಡ ಮೇಲೆ ಅರಸರು ಗೋವಾಕ್ಕೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದರು. ಫೋಂಡಾ ಹತ್ತಿರ ಬಾಂದಿವಡೆಯಲ್ಲಿ ಸೌಂದೇಕರ್ ಅರಮನೆ ಇದೆ. ಸೋಂದೆಯಲ್ಲಿ ಈಗ ಅರಮನೆ ಉಳಿದಿಲ್ಲ, ಕೋಟೆಯ ಗುರುತುಗಳಿವೆ. ಊರು ಮಾತ್ರ ವಿಚಿತ್ರ, ಸಣ್ಣ ಊರು, ಸುತ್ತಮುತ್ತ ಮೂರು ಮಠ. ವಾದಿರಾಜರ ಬೃಂದಾವನ ಇರುವ ಮಾಧ್ವ ಮಠ, ಅದ್ವೈತಿಗಳ ಸ್ವರ್ಣವಲ್ಲಿ, ಜೈನರ ಸ್ವಾದಿ ಮಠ. ಅರಸರು ಯಾರನ್ನೂ ಬೇಡ ಅಂದಿಲ್ಲ. ಅಲ್ಲೇ ಮುಂಡಿಗೆಕೆರೆಯಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ, ಜನವರಿಗೆ ಸಿಗುವುದಿಲ್ಲ.

ದೇವಿಮನೆ ಘಟ್ಟ ಹೊರಡುವ ಹಿಂದಿನ ದಿನ ಕೇಳಿಕೊಳ್ಳಿ. ರಸ್ತೆ ಅಗಲ ಮಾಡುವ ಕೆಲಸ ಶುರುವಾದಾಗಿನಿಂದ ಆಗಾಗ ಬಂದ್ ಮಾಡುತ್ತಾರೆ. ಬಂದ್ ಇದ್ದರೆ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಶಿರಸಿಗೆ ಬನ್ನಿ, ಲಾರಿ ಜಾಸ್ತಿ, ಆದರೆ ಅಗಲ ರಸ್ತೆ. ಹಾಗೆ ಬಂದರೆ ಮಾಗೋಡು ದಾರಿಗೇ ಹತ್ತಿರ ಬೀಳುತ್ತದೆ, ಬಿಟ್ಟದ್ದು ಸಿಕ್ಕಿತು. ತಿರುವಿನಲ್ಲಿ ಹಾರ್ನ್ ಹೊಡೆಯಿರಿ, ಇಳಿಯುವಾಗ ಗೇರಿನಲ್ಲೇ ಇಳಿಯಿರಿ, ಬ್ರೇಕ್ ಒತ್ತಿಕೊಂಡೇ ಇರಬೇಡಿ. ಹೋಟೆಲಿಗಿಂತ ಅಡಿಕೆ ತೋಟದ ಮನೆಗಳ ಹೋಂಸ್ಟೇ ಹುಡುಕಿ, ಹೋದ ಕೂಡಲೇ ಆಸ್ರಿಗೆ (ಕುಡಿಯಲು ಏನಾದರೂ) ಕೊಡುತ್ತಾರೆ, ಊಟಕ್ಕೆ ಅಪ್ಪೆಹುಳಿ, ತಂಬುಳಿ. ಕಬ್ಬಿನ ಹಾಲಿನ ತೆಳು ಸಿಹಿ ತಿಂಡಿ ತೊಡೆದೇವು ಮಾತ್ರ ಮನೆಗೆ ಕಟ್ಟಿಸಿಕೊಂಡೇ ಬನ್ನಿ.

ಕಾನುಕಣಿವೆ:

ವಾಪಸ್ ಇಳಿಯುವಾಗ ಒಂದು ಅರ್ಧ ದಿನ ಅಘನಾಶಿನಿ ಅಳಿವೆಗೆ ಇಡಿ. ಹೊಳೆ ಹಿಡಿದು ಬಂದವರು ಕೊನೆ ನೋಡದೆ ಹೋಗುವುದು ಸರಿಯಲ್ಲ. ತದಡಿ ಕಡೆ ಹೋಗಿ, ಇಳಿತದ ಹೊತ್ತಿಗೆ. ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ನಿಂತು ಬಳಚು (ಚಿಪ್ಪಿನ ಮೀನು) ಆರಿಸುತ್ತಿರುತ್ತಾರೆ. ಮಾಣಿಕಟ್ಟದ ಕಡೆ ಗಜನಿ ಗದ್ದೆಗಳು, ಮಳೆಗಾಲದಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ, ಉಳಿದ ಕಾಲ ಸಿಗಡಿ, ಮೀನು. 2024ರಲ್ಲಿ ಈ ಅಳಿವೆಗೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಮೆಟ್ಟಿಲು ಒಂದೂ ಇಲ್ಲ, ಅವ್ವ ದಂಡೆಯಲ್ಲಿ ಕೂತೇ ನೋಡಬಹುದು. ಕಗ್ಗದ ಅಕ್ಕಿ ಸಿಕ್ಕರೆ ಬಿಡಬೇಡಿ, ಗಂಜಿಗೆ ಅದರಷ್ಟು ರುಚಿ ಬೇರೆ ಅಕ್ಕಿಗಿಲ್ಲ.

ಪೇಢೆಪ್ರಿಯ:

ಇಳಿತದ ಹೊತ್ತು ಯಾವಾಗ ಅಂತ ಹೇಗೆ ತಿಳಿಯುವುದು?

ಕಡಲತಡಿ:

ಹಿಂದಿನ ದಿನ ಸಂಜೆ ಬಂದರಿನಲ್ಲಿ ಯಾರನ್ನಾದರೂ ಕೇಳಿ, ನಿಮಿಷದ ಲೆಕ್ಕದಲ್ಲಿ ಹೇಳುತ್ತಾರೆ. ದಿನಾ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಇಳಿಯುತ್ತದೆ, ಬಳಚು ಆರಿಸುವವರೂ ಆಗ ಜಾಸ್ತಿ.